ಯಾರೋ ಮಾಡಿಟ್ಟ ಕುಲಗಳು: ವಾರ್‌ಫೋರ್ಜ್ಡ್, ಸಿಮಿಕ್ ಹೈಬ್ರಿಡ್, ಆಟೋನೋಮ್, ಆಂಡ್ರಾಯ್ಡ್‌ಗಳಲ್ಲಿ ನಿಮಗೆ ಯಾವುದು?

ಮೇಜಿನ ಸುತ್ತ ಕೂತು ಪಾತ್ರಗಳಾಗಿ ಕಥೆ ಕಟ್ಟುವ ಆಟದಲ್ಲಿ, ಹೊಸ ಕ್ಯಾಂಪೇನ್ (ಹಲವು ಸಲ ಕೂತು ಆಡುವ ಒಂದು ಕಥೆ) ಶುರುವಾಗುವ ಮುಂಚೆ ಕೂತವರಲ್ಲಿ ಒಬ್ಬರಾದರೂ "ಈ ಸಲ ಎಲ್ಫೂ ಬೇಡ, ಡ್ವಾರ್ಫೂ ಬೇಡ" ಅನ್ನುತ್ತಾರೆ. ಅವರ ಕಣ್ಣು ಬೀಳುವುದು ಯಾರೋ ಕೂತು, ಯೋಚಿಸಿ, ಒಂದು ಕೆಲಸಕ್ಕೆಂದೇ ರೂಪಿಸಿದ ಕುಲಗಳ ಮೇಲೆ. ಯುದ್ಧಕ್ಕೆ ಎರಕ ಹೊಯ್ದ ಸೈನಿಕ, ಪ್ರಯೋಗಶಾಲೆಯಲ್ಲಿ ಏಡಿಯ ಚಿಪ್ಪು ಪಡೆದ ಮನುಷ್ಯ, ನೋಮ್ ಕುಶಲಕರ್ಮಿಯ ಕಾರ್ಯಾಗಾರದಲ್ಲಿ ಕಣ್ಣುಬಿಟ್ಟ ಪುಟ್ಟ ಯಂತ್ರ, ಬಿದ್ದ ಆಕಾಶನೌಕೆಯಿಂದ ಎದ್ದುಬಂದ ದೇಹ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಆಡಲು ಕೂತ ಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವಷ್ಟು ಬೇರೆ.

ಇಲ್ಲಿ ಹೋಲಿಸಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಐದನೇ ಆವೃತ್ತಿಯ ಮೂರು ಕುಲಗಳನ್ನು ಮತ್ತು ಅದೇ ಬಗೆಯ ಇನ್ನೊಂದು ಆಟ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯ ಎರಡನ್ನು: ಆಂಡ್ರಾಯ್ಡ್, ಚಿಕ್ಕದಾಗಿ ಆಟೋಮೇಟನ್. ಡಿ ಅಂಡ್ ಡಿ ಲೆಕ್ಕಗಳೆಲ್ಲ 2014ರ ನಿಯಮಗಳ ಪ್ರಕಾರ. 2024ರ ನಿಯಮಗಳಲ್ಲಿ ಆಡುವವರಿಗೆ ಕೆಲವೆಡೆ ವ್ಯತ್ಯಾಸ ಬರುತ್ತದೆ, ಮುಖ್ಯವಾದದ್ದನ್ನು ಮುಂದೆ ಹೇಳಿದ್ದೇನೆ.

ಮೊದಲು ಅಳತೆಗೋಲು

ಐದು ಪ್ರಶ್ನೆಗಳನ್ನು ಹಿಡಿದು ತೂಗಬೇಕು.

ಒಂದು: ಮಾಡಿದವರು ಯಾರು, ಈಗ ಎಲ್ಲಿದ್ದಾರೆ? ಬದುಕಿರುವ ನಿರ್ಮಾತೃ ಹತ್ತನೇ ಲೆವೆಲ್‌ನಲ್ಲೂ (ಪಾತ್ರ ಬೆಳೆದಂತೆ ಏರುವ ಮಟ್ಟ) ಬಾಗಿಲು ತಟ್ಟಬಹುದು. ಸಾವಿರಾರು ವರ್ಷದ ಹಿಂದೆ ಅಳಿದವನು ತಟ್ಟಲಾರ, ಅವನ ಪಾಳುಬಿದ್ದ ಕೋಟೆ ಮಾತ್ರ ಸಿಗುತ್ತದೆ. ಎರಡು: ಯಾವ ಕೆಲಸಕ್ಕೆ ಮಾಡಿದರು, ಆ ಕೆಲಸ ಮುಗಿದಿದೆಯೋ, ನಡೆಯುತ್ತಿದೆಯೋ, ಏನೆಂದೇ ಗೊತ್ತಿಲ್ಲವೋ? ಮೂರು: ಒಪ್ಪಿಗೆ ಕೇಳಿದ್ದರೇ? ನಾಲ್ಕು: ನಿಯಮದ ಲೆಕ್ಕದಲ್ಲಿ ಆ ದೇಹ ಏನು? ಹ್ಯೂಮನಾಯ್ಡ್ (ಮನುಷ್ಯರಂಥ ಜೀವಿ) ಅಥವಾ ಕನ್‌ಸ್ಟ್ರಕ್ಟ್ (ಕಟ್ಟಿದ ಜೀವಿ) ಎಂಬ ಒಂದು ಪದದ ಮೇಲೆ ಯಾವ ಮಂತ್ರ ನಿಮಗೆ ವಾಸಿ ಮಾಡುತ್ತದೆ, ಯಾವುದು ಕಟ್ಟಿಹಾಕುತ್ತದೆ ಅನ್ನುವುದು ನಿಂತಿದೆ. ಐದು: ಪುಸ್ತಕದ ಖರ್ಚು ಮತ್ತು ಆಟ ನಡೆಸುವವರ, ಅಂದರೆ ಡಿಎಂ, ಒಪ್ಪಿಗೆ.

ಹೆಚ್ಚಿನವರು ನಾಲ್ಕನೆಯದರಿಂದ ಶುರುಮಾಡಿ ಅಲ್ಲೇ ನಿಂತುಬಿಡುತ್ತಾರೆ. ನನ್ನ ತೂಕ ಬೇರೆ. ಮೊದಲ ಮೂರಕ್ಕೆ ಅರ್ಧಕ್ಕಿಂತ ಹೆಚ್ಚು ಕೊಡಿ. ಒಂದು ಅಂಕದ ಎಸಿ (ಹೊಡೆತ ತಾಗದಂತೆ ಕಾಯುವ ಅಂಕ) ಐದನೇ ಲೆವೆಲ್ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. "ನಿನ್ನನ್ನು ಮಾಡಿದ್ದು ಇದಕ್ಕೆ" ಅಂತ ಯಾರೋ ಹೇಳಿದ ಸಂಜೆ ಆಟ ಮುಗಿಯುವವರೆಗೂ ಜೊತೆಗಿರುತ್ತದೆ.

ವಾರ್‌ಫೋರ್ಜ್ಡ್: ಕೆಲಸ ಮುಗಿದ ಮೇಲೂ ಉಳಿದವರು

ಇವರ ಎಬೆರಾನ್ ಲೋಕ ಹುಟ್ಟಿದ್ದು ಡಿ ಅಂಡ್ ಡಿಯ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ 2002ರಲ್ಲಿ ನಡೆಸಿದ ಸ್ಪರ್ಧೆಯಿಂದ. ಸಾವಿರಗಟ್ಟಲೆ ಕಲ್ಪನೆಗಳ ನಡುವೆ ಕೀತ್ ಬೇಕರ್ ಅವರದು ಗೆದ್ದು 2004ರಲ್ಲಿ ಪುಸ್ತಕವಾಯಿತು. ಐದನೇ ಆವೃತ್ತಿಯ ಪೂರ್ಣ ರೂಪ ಬಂದದ್ದು 2019ರ 'ಎಬೆರಾನ್: ರೈಸಿಂಗ್ ಫ್ರಮ್ ದಿ ಲಾಸ್ಟ್ ವಾರ್' ಪುಸ್ತಕದಲ್ಲಿ.

ಆ ಲೋಕದ ಕಾಲಗಣನೆಯಲ್ಲಿ ಕೊನೆಯ ಯುದ್ಧ 894ರಿಂದ 996ರವರೆಗೆ ನಡೆಯಿತು. ನಿರ್ಮಾಣದ ಡ್ರ್ಯಾಗನ್‌ಮಾರ್ಕ್ (ಮೈಮೇಲಿನ ಮಾಂತ್ರಿಕ ಗುರುತು) ಹೊತ್ತ ಹೌಸ್ ಕ್ಯಾನಿತ್ ಎಂಬ ಮನೆತನ 965ರ ಹೊತ್ತಿಗೆ ಯೋಚಿಸಬಲ್ಲ ವಾರ್‌ಫೋರ್ಜ್ಡ್‌ಗಳನ್ನು ಸೃಷ್ಟಿಕುಲುಮೆಗಳಲ್ಲಿ ತಯಾರಿಸತೊಡಗಿತು. ಮಾರಿದ್ದು ಒಂದೇ ಪಕ್ಷಕ್ಕಲ್ಲ, ದುಡ್ಡು ಕೊಟ್ಟ ಎಲ್ಲ ರಾಜ್ಯಗಳಿಗೂ. ಹೀಗಾಗಿ ರಣರಂಗದಲ್ಲಿ ಎದುರೆದುರು ನಿಂತವರು ಒಂದೇ ಕುಲುಮೆಯ ಒಡಹುಟ್ಟುಗಳಾಗಿರಬಹುದು. 994ರಲ್ಲಿ ಸೈರ್ ರಾಜ್ಯ ಒಂದೇ ದಿನದಲ್ಲಿ ನಾಶವಾಯಿತು. ಎರಡು ವರ್ಷದ ಮೇಲೆ ಥ್ರೋನ್‌ಹೋಲ್ಡ್ ಒಪ್ಪಂದ ವಾರ್‌ಫೋರ್ಜ್ಡ್‌ಗಳಿಗೆ ಸ್ವಾತಂತ್ರ್ಯ ಕೊಟ್ಟಿತು. ಅದೇ ಒಪ್ಪಂದ ಸೃಷ್ಟಿಕುಲುಮೆಗಳನ್ನೆಲ್ಲ ಒಡೆಯಬೇಕೆಂದೂ ಹೇಳಿತು. ಎರಡನ್ನೂ ಸೇರಿಸಿ ಓದಿ: ನೀವು ಸ್ವತಂತ್ರರು, ಆದರೆ ನಿಮ್ಮ ಕುಲಕ್ಕೆ ಮುಂದಿನ ತಲೆಮಾರು ಇಲ್ಲ.

ಕ್ಯಾರೆಕ್ಟರ್ ಬರೆಯುವಾಗ ಇಲ್ಲೊಂದು ಲೆಕ್ಕ ತಪ್ಪುತ್ತದೆ. ಎಬೆರಾನ್ ಕ್ಯಾಂಪೇನ್‌ಗಳು ಸಾಮಾನ್ಯವಾಗಿ ಶುರುವಾಗುವುದು 998ರಲ್ಲಿ. ಅಂದರೆ ನಿಮ್ಮ ವಾರ್‌ಫೋರ್ಜ್ಡ್ ಸಾಮಾನ್ಯವಾಗಿ ಎರಡರಿಂದ ಮೂವತ್ತು ವರ್ಷದ ಒಳಗಿನವರು. "ಇನ್ನೂರು ವರ್ಷ ಕಾಡಿನಲ್ಲಿ ಕಾವಲಿದ್ದ ಪುರಾತನ ಯಂತ್ರ" ಅನ್ನುವ ಹಿನ್ನೆಲೆ ಬೇಕೇ ಬೇಕೆಂದರೆ ಜೆನ್‌ಡ್ರಿಕ್ ಖಂಡದ ಪ್ರಾಚೀನ ಅವಶೇಷಗಳಿಗೆ ಗಂಟುಹಾಕಬೇಕು. ಅದಕ್ಕೆ ಡಿಎಂ ಜೊತೆ ಮೊದಲೇ ಮಾತಾಡಿಕೊಳ್ಳಿ.

ನಿರ್ಮಾತೃಗಳು ಬದುಕಿದ್ದಾರೆ, ಮೂರು ಹೋಳಾಗಿ. ಶಾರ್ನ್ ನಗರದ ಅಡಿಯಲ್ಲಿ ಮೆರಿಕ್ಸ್ ಡಿ'ಕ್ಯಾನಿತ್ ಒಂದು ಕುಲುಮೆಯನ್ನು ಗುಟ್ಟಾಗಿ ಇನ್ನೂ ನಡೆಸುತ್ತಿದ್ದಾನೆ. ಅತ್ತ ಸೈರ್ ಇದ್ದ ಜಾಗದ ಮಂಜಿನೊಳಗೆ ಲಾರ್ಡ್ ಆಫ್ ಬ್ಲೇಡ್ಸ್ ಎಂಬ ವಾರ್‌ಫೋರ್ಜ್ಡ್ ನಾಯಕ ತನ್ನವರನ್ನು ಕೂಡಿಸುತ್ತಿದ್ದಾನೆ. ಥ್ರೇನ್, ಕಾರ್ನಾಥ್‌ಗಳಲ್ಲಿ ಒಪ್ಪಂದದ ಕಾಗದ ಏನೇ ಹೇಳಲಿ, ಬದುಕು ಜೀತಕ್ಕೆ ಹತ್ತಿರ. ಕಥೆಗೆ ಎಳೆ ಹುಡುಕುವ ಕಷ್ಟವೇ ಇಲ್ಲ, ಎತ್ತ ತಿರುಗಿದರೂ ಎಳೆ.

ಕನ್ನಡದಲ್ಲಿ ಆಡುವ ಗುಂಪಿಗೆ ಈ ಕುಲ ಒಂದು ವಿಶೇಷ ಕೊಡುಗೆ ಕೊಡುತ್ತದೆ. ವಾರ್‌ಫೋರ್ಜ್ಡ್‌ಗಳಿಗೆ ಗಂಡು-ಹೆಣ್ಣೆಂಬುದಿಲ್ಲ. ನಮ್ಮ ಭಾಷೆಯಲ್ಲಿ ಕ್ರಿಯಾಪದದ ಕೊನೆಯೇ ಎದುರಿಗಿರುವುದು ವ್ಯಕ್ತಿಯೋ ವಸ್ತುವೋ ಎಂದು ಹೇಳಿಬಿಡುತ್ತದೆ. ಥ್ರೇನ್‌ನ ಅಧಿಕಾರಿ ನಿಮ್ಮ ಪಕ್ಕದವರನ್ನು ನೋಡಿ "ಇದಕ್ಕೆ ಏನು ಬೇಕಂತೆ? ಎಲ್ಲಿಂದ ಬಂತು?" ಎನ್ನಲಿ. ಬ್ರೆಲ್ಯಾಂಡ್‌ನ ಚಹಾ ಅಂಗಡಿಯವಳು ನೇರ ನಿಮ್ಮ ಮುಖ ನೋಡಿ "ನಿಮಗೇನು ಕೊಡಲಿ? ಎಲ್ಲಿಂದ ಬಂದ್ರಿ?" ಎನ್ನಲಿ. ಡಿಎಂ ಒಂದು ಸಾಲು ವಿವರಣೆ ಕೊಡದೆ ಎರಡು ರಾಜ್ಯಗಳ ಧೋರಣೆ ಮೇಜಿನ ಮೇಲೆ ಬಂದು ಕೂರುತ್ತದೆ. ನಿಮ್ಮ ಪಾತ್ರ ತನ್ನ ಬಗ್ಗೆ ಹೇಳುವಾಗ "ನಾನು ಬಂದೆ", ಅಲ್ಲಿ ಲಿಂಗವೂ ಇಲ್ಲ, ಕೀಳುಮೇಲೂ ಇಲ್ಲ. ಗೆಳೆಯರು "ಅದು" ಬಿಟ್ಟು "ಅವರು" ಅನ್ನತೊಡಗುವ ಕ್ಷಣವನ್ನು ಕಾಯ್ದಿರಿಸಿಕೊಳ್ಳಿ.

ಇನ್ನು ಅಂಕಿಗಳು. ಕಾನ್‌ಸ್ಟಿಟ್ಯೂಷನ್‌ಗೆ (ದೇಹದ ಗಟ್ಟಿತನ) 2, ನಿಮಗೆ ಬೇಕಾದ ಇನ್ನೊಂದು ಸಾಮರ್ಥ್ಯಕ್ಕೆ 1 ಸೇರುತ್ತದೆ. ಎಸಿ ಯಾವಾಗಲೂ 1 ಜಾಸ್ತಿ. ಮೊದಲ ಲೆವೆಲ್ ಫೈಟರ್‌ಗೆ (ಕಾದಾಡುವ ಕಸುಬಿನ ಪಾತ್ರ) ಚೈನ್ ಮೇಲ್ ಕವಚದ 16, ಗುರಾಣಿ 2, ಕುಲದ 1 ಸೇರಿ 19. ಡಿಫೆನ್ಸ್ ಶೈಲಿ ಆರಿಸಿಕೊಂಡರೆ 20. ಮೊದಲ ಲೆವೆಲ್‌ಗೆ ಇದು ಬಹಳ ದೊಡ್ಡ ಸಂಖ್ಯೆ, ಸಾಮಾನ್ಯ ಗಾಬ್ಲಿನ್‌ಗೆ ನಿಮ್ಮನ್ನು ಮುಟ್ಟಲು ದಾಳದಲ್ಲಿ 16 ಬೀಳಬೇಕು. ವಿಷದ ವಿರುದ್ಧ ಸೇವ್‌ಗೆ (ಅಪಾಯ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಹೆಚ್ಚಿನದನ್ನು ತೆಗೆದುಕೊಳ್ಳುವುದು), ವಿಷದ ಪೆಟ್ಟು ಅರ್ಧ, ರೋಗ ತಾಗುವುದಿಲ್ಲ, ಊಟ, ನೀರು, ಉಸಿರು, ನಿದ್ದೆ ಯಾವುದೂ ಬೇಡ. ಆರು ಗಂಟೆ ಅಲುಗಾಡದೆ ನಿಂತರೆ ಲಾಂಗ್ ರೆಸ್ಟ್ (ರಾತ್ರಿಯ ದೀರ್ಘ ವಿಶ್ರಾಂತಿ) ಮುಗಿಯುತ್ತದೆ, ಆ ಹೊತ್ತಿನಲ್ಲೂ ಕಣ್ಣು ಕಿವಿ ತೆರೆದೇ ಇರುತ್ತವೆ.

ಎಡವುವ ಜಾಗಗಳು ಇಲ್ಲೇ ಇವೆ. ಮೊದಲನೆಯದು ಕತ್ತಲು. "ನಾನು ಮಲಗೋದಿಲ್ಲ, ರಾತ್ರಿಯೆಲ್ಲ ಕಾವಲು ನಂದೇ" ಅಂತ ವಾರ್‌ಫೋರ್ಜ್ಡ್ ಆಟಗಾರರು ಹೆಮ್ಮೆಯಿಂದ ಹೇಳುತ್ತಾರೆ. ಈ ಕುಲಕ್ಕೆ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಗುಣ) ಇಲ್ಲ. ಬೆಂಕಿ ಆರಿದ ಮೇಲೆ ಕಾಯುವುದು ಬರೀ ಕಿವಿ. ಬೆಂಕಿ ಉರಿಸಿಟ್ಟರೆ ದೂರದವರಿಗೂ ನೀವು ಕಾಣುತ್ತೀರಿ. ಹಾಗಾಗಿ ಡಾರ್ಕ್‌ವಿಷನ್ ಇರುವ ಒಬ್ಬರನ್ನು ಪಾಳಿಗೆ ಜೊತೆಮಾಡಿ.

ಎರಡನೆಯದು ಕವಚ. ಹೊಸ ಕವಚ ತೊಡಲು ಒಂದು ಗಂಟೆ, ಕಳಚಲು ಒಂದು ಗಂಟೆ. ಅದು ಮೈಯೊಳಗೆ ಬೆರೆತುಹೋಗುತ್ತದೆ. ಬದುಕಿರುವವರೆಗೆ ಬಲವಂತವಾಗಿ ಯಾರೂ ಕಿತ್ತುಕೊಳ್ಳಲಾರರು, ಸೆರೆಮನೆಗೆ ಹಾಕಿದಾಗ ಇದರ ಬೆಲೆ ಗೊತ್ತಾಗುತ್ತದೆ. ಸ್ಟೆಲ್ತ್‌ಗೆ (ಸದ್ದಿಲ್ಲದೆ ಅಡಗಿ ಸಾಗುವುದಕ್ಕೆ) ಅಡ್ಡಿಬರುವ ಕವಚ ತೊಟ್ಟು ಹೊರಟಮೇಲೆ "ಒಂದು ನಿಮಿಷ, ಬಿಚ್ಚಿ ಬರ್ತೀನಿ" ಅನ್ನುವಂತಿಲ್ಲ. ಲೋಹ ಕಾಯಿಸುವ ಹೀಟ್ ಮೆಟಲ್ ಮಂತ್ರಕ್ಕೆ ಇದೇ ಕಾರಣಕ್ಕೆ ಹೆದರುವವರಿದ್ದಾರೆ. ಆ ಭಯ ಅತಿಯಾದದ್ದು. ಮಂತ್ರ ಇರುವುದು ಹೆಚ್ಚೆಂದರೆ ಒಂದು ನಿಮಿಷ, ಚೈನ್ ಮೇಲ್ ತೊಟ್ಟ ಮನುಷ್ಯನಿಗೂ ಕಳಚಲು ಐದು ನಿಮಿಷ ಬೇಕು. ಇಬ್ಬರೂ ಬೇಯುವುದು ಅಷ್ಟೇ.

ಮೂರನೆಯದು ಉಸಿರು. ಸ್ಟಿಂಕಿಂಗ್ ಕ್ಲೌಡ್ ಎಂಬ ದುರ್ನಾತದ ಮೋಡದ ಮಂತ್ರದ ಒಳಗೆ ನೀವು ಸೇವ್ ಉರುಳಿಸುವುದೇ ಬೇಡ, ಉಸಿರಾಡದವರು ತಾವಾಗಿ ಪಾರು. ಅದೇ ಧೈರ್ಯದಲ್ಲಿ ವಿಷದ ಮೋಡ ಕ್ಲೌಡ್‌ಕಿಲ್ ಹೊಕ್ಕರೆ ಕೆಟ್ಟಿರಿ. ಉಸಿರು ಹಿಡಿದವರಿಗೂ ಉಸಿರೇ ಬೇಡದವರಿಗೂ ಅದು ತಾಗುತ್ತದೆ ಎಂದು ಮಂತ್ರದಲ್ಲೇ ಬರೆದಿದೆ. ಪೆಟ್ಟು ಅರ್ಧವಾಗುವುದು ವಿಷದ ತಡೆ ಇರುವುದರಿಂದ ಮಾತ್ರ.

ವಾಸಿಯ ವಿಷಯಕ್ಕೆ ಬಂದರೆ, 2019ರ ಪುಸ್ತಕದಲ್ಲಿ ವಾರ್‌ಫೋರ್ಜ್ಡ್ ಹ್ಯೂಮನಾಯ್ಡ್. ಎಲ್ಲ ವಾಸಿಮಂತ್ರಗಳೂ ಮನುಷ್ಯರಿಗೆ ತಾಗಿದಂತೆಯೇ ತಾಗುತ್ತವೆ. ಅದರ ಇನ್ನೊಂದು ಮುಖ: ಕಟ್ಟಿಹಾಕುವ ಹೋಲ್ಡ್ ಪರ್ಸನ್, ಮರುಳು ಮಾಡುವ ಚಾರ್ಮ್ ಪರ್ಸನ್ ಮಂತ್ರಗಳು ಕೂಡ ತಾಗುತ್ತವೆ. ಹಳೆಯ 3.5 ಆವೃತ್ತಿಯಲ್ಲಿ ವಾಸಿಮಂತ್ರ ಅರ್ಧದಷ್ಟೇ ಕೆಲಸ ಮಾಡುತ್ತಿತ್ತು, ಹಳಬರು ಅದನ್ನೇ ನೆನಪಿಟ್ಟುಕೊಂಡು ವಾದಕ್ಕೆ ಬಂದರೆ ಪುಸ್ತಕ ತೆರೆದು ತೋರಿಸಿ.

ಸಿಮಿಕ್ ಹೈಬ್ರಿಡ್: ಕೈಯೆತ್ತಿ ಒಪ್ಪಿಕೊಂಡವರು

ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡ್ ಆಟದ ರಾವ್ನಿಕಾ ಇಡೀ ಲೋಕವೇ ಒಂದು ನಗರ, ಹತ್ತು ಗಿಲ್ಡ್‌ಗಳ ಆಳ್ವಿಕೆ. 2018ರ 'ಗಿಲ್ಡ್‌ಮಾಸ್ಟರ್ಸ್ ಗೈಡ್ ಟು ರಾವ್ನಿಕಾ' ಅದನ್ನು ಡಿ ಅಂಡ್ ಡಿಗೆ ತಂದಿತು. ಜೀವಗಳನ್ನು ತಿದ್ದುವುದೇ ಕಸುಬಾದ ಸಿಮಿಕ್ ಗಿಲ್ಡ್, ಉಳಿದ ಗಿಲ್ಡ್‌ಗಳ ಜೊತೆ ಯುದ್ಧ ತಪ್ಪದು ಎಂದೆಣಿಸಿ ಗಾರ್ಡಿಯನ್ ಪ್ರಾಜೆಕ್ಟ್ ಶುರುಮಾಡಿತು. ಮನುಷ್ಯ, ಎಲ್ಫ್, ವೆಡಾಲ್ಕನ್ (ಆ ಲೋಕದ ಇನ್ನೊಂದು ಕುಲ) ಸ್ವಯಂಸೇವಕರ ಮೈಗೆ ಪ್ರಾಣಿಗಳ ಗುಣಗಳನ್ನು ಸೇರಿಸಿ ರಕ್ಷಕರನ್ನು ತಯಾರಿಸುವುದು ಅದರ ಉದ್ದೇಶ.

ಉಳಿದ ಕುಲಗಳಿಗೂ ಇದಕ್ಕೂ ನಡುವಿನ ಗೆರೆ ಇರುವುದು ಸ್ವಯಂಸೇವಕರು ಎಂಬ ಪದದಲ್ಲಿ. ನಿಮಗೆ ಬಾಲ್ಯವಿತ್ತು, ಅಮ್ಮನ ಕೈಯೂಟದ ನೆನಪಿದೆ, ಹಳೆಯ ಮುಖದ ನೆನಪೂ ಇದೆ. ಆಮೇಲೆ ನೀವೇ ಆ ಮೇಜಿನ ಮೇಲೆ ಮಲಗಿದಿರಿ. ಬೆಲೆಯನ್ನೂ ಪುಸ್ತಕ ಹೇಳುತ್ತದೆ: ಮುಪ್ಪು ಸ್ವಲ್ಪ ಬೇಗ ಬರುತ್ತದೆ, ಆಯಸ್ಸು ಕಡಿಮೆಯಾಗುವ ಸಾಧ್ಯತೆ ಇದೆ. "ಯಾಕೆ ಒಪ್ಪಿದೆ?" ಎಂಬುದಕ್ಕೆ ಒಂದು ಸಾಲಿನ ಉತ್ತರ ಇಲ್ಲದೆ ಈ ಕುಲವನ್ನು ಆಡಬೇಡಿ. ಸಾಲ, ತಂಗಿಯ ಕಾಯಿಲೆ, ಗಿಲ್ಡ್ ಮೇಲಿನ ಕುರುಡು ನಂಬಿಕೆ, ಯಾವುದಾದರೂ ಸರಿ. ಆ ಸಾಲಿಲ್ಲದ ಹೈಬ್ರಿಡ್ ಮೂರನೇ ಸೆಷನ್ ಹೊತ್ತಿಗೆ ಬರೀ "ಮೀನಿನ ಕಿವಿರಿರುವ ಫೈಟರ್" ಆಗಿ ಉಳಿಯುತ್ತದೆ.

ನಿಯಮದಲ್ಲಿ ಎರಡು ಹಂತ. ಮೊದಲ ಲೆವೆಲ್‌ನಲ್ಲಿ ಮೂರರಲ್ಲಿ ಒಂದು: ನೀರಿನಲ್ಲಿ ಉಸಿರಾಟ ಮತ್ತು ಈಜುವ ವೇಗ, ಗೋಡೆ ಹತ್ತುವ ವೇಗ, ಅಥವಾ ತೊರಕೆ ಮೀನಿನಂಥ ರೆಕ್ಕೆಪೊರೆ. ಪೊರೆಯ ಲೆಕ್ಕ ನೋಡಿ. 120 ಅಡಿ ಮೇಲಿಂದ ಜಿಗಿದರೆ ಸಾಮಾನ್ಯರಿಗೆ ಹನ್ನೆರಡು ಆರುಮುಖ ದಾಳಗಳ ಪೆಟ್ಟು. ನಿಮಗೆ 100 ಅಡಿ ಕಳೆದು 20 ಅಡಿಯ ಪೆಟ್ಟು, ಎರಡೇ ದಾಳ. ಇಳಿದ ಪ್ರತಿ ಅಡಿಗೆ ಎರಡಡಿ ಅಡ್ಡ ಸಾಗಬಹುದು, ಅಂದರೆ 240 ಅಡಿ ದೂರದ ಛಾವಣಿ ತಲುಪಬಹುದು. ಗೋಪುರಗಳ ನಗರದಲ್ಲಿ ಇದು ಚಿನ್ನ, ಗುಹೆಗಳ ಕ್ಯಾಂಪೇನ್‌ನಲ್ಲಿ ಸತ್ತ ಗುಣ. ಅಲ್ಲಿ ಹತ್ತುವ ವೇಗ ತೆಗೆದುಕೊಳ್ಳಿ.

ಐದನೇ ಲೆವೆಲ್‌ನಲ್ಲಿ ಎರಡನೆಯದು ಬರುತ್ತದೆ. ಚಿಪ್ಪು ಆರಿಸಿದರೆ ಎಸಿ 1 ಜಾಸ್ತಿ, ಆದರೆ ಭಾರಿ ಕವಚ ತೊಟ್ಟರೆ ಇಲ್ಲ. ವಾರ್‌ಫೋರ್ಜ್ಡ್‌ಗೆ ಮೊದಲ ದಿನದಿಂದ, ಯಾವ ಕವಚದ ಜೊತೆಗೂ ಸಿಗುವುದು ಇಲ್ಲಿ ಐದನೇ ಲೆವೆಲ್‌ಗೆ, ಷರತ್ತಿನ ಮೇಲೆ. ಆಸಿಡ್ ಉಗುಳುವ ಗುಣ ಕೇಳಲು ಚೆಂದ, 30 ಅಡಿ ದೂರ, ಎರಡು ಹತ್ತುಮುಖ ದಾಳ. ಅದೇ ಲೆವೆಲ್‌ನ ವಿಝರ್ಡ್ ಫೈರ್ ಬೋಲ್ಟ್ ಮಂತ್ರದಿಂದ ಅಷ್ಟೇ ಪೆಟ್ಟನ್ನು ದಿನವಿಡೀ ಕೊಡುತ್ತಾಳೆ, ನಿಮಗೆ ಸಿಗುವುದು ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್‌ನಷ್ಟು (ಆ ಸಾಮರ್ಥ್ಯದಿಂದ ಸಿಗುವ ಕೂಡುವ ಅಂಕ) ಸಲ ಮಾತ್ರ. ನನ್ನ ಆಯ್ಕೆ ಹಿಡಿಯುವ ತೋಳುಗಳು. ಆ ತೋಳಿನ ಹೊಡೆತ ತಾಗಿದ ಕೂಡಲೇ ಬೋನಸ್ ಆಕ್ಷನ್‌ನಲ್ಲಿ (ಅದೇ ಸರದಿಯ ಚಿಕ್ಕ ಹೆಚ್ಚುವರಿ ಕೆಲಸ) ಎದುರಾಳಿಯನ್ನು ಹಿಡಿಯಲು ಯತ್ನಿಸಬಹುದು, ಆವೇಶದಿಂದ ಕಾದಾಡುವ ಬಾರ್ಬೇರಿಯನ್‌ಗೆ ಹೇಳಿಮಾಡಿಸಿದ್ದು. ಒಂದು ಎಚ್ಚರಿಕೆ: ಆ ತೋಳುಗಳಲ್ಲಿ ಆಯುಧ ಹಿಡಿಯಲಾಗದು, ನಾಲ್ಕು ಕತ್ತಿಯ ಕನಸು ಬೇಡ.

60 ಅಡಿ ಡಾರ್ಕ್‌ವಿಷನ್ ಉಚಿತ. ಈ ನಾಲ್ಕರಲ್ಲಿ ಕಗ್ಗತ್ತಲಲ್ಲಿ ಕಾಣುವುದು ಇವರಿಗೆ ಮಾತ್ರ.

ಆಟೋನೋಮ್: ಒಬ್ಬರ ಕೈಕೂಸು

2022ರ 'ಸ್ಪೆಲ್‌ಜಾಮರ್: ಅಡ್ವೆಂಚರ್ಸ್ ಇನ್ ಸ್ಪೇಸ್' ತಂದ ಪುಟ್ಟ ಯಂತ್ರಜೀವಿಗಳು. ರಾಕ್ ನೋಮ್‌ಗಳು ತಮ್ಮದೇ ಆಕಾರದಲ್ಲಿ ಮಾಡಿದ ಇವಕ್ಕೆ ಸೈನ್ಯವಿಲ್ಲ, ಗಿಲ್ಡ್ ಇಲ್ಲ, ಒಪ್ಪಂದವಿಲ್ಲ. ಒಬ್ಬ ನೋಮ್, ಒಂದು ಕಾರ್ಯಾಗಾರ, ಒಂದು ಆಟೋನೋಮ್. ಆಮೇಲೆ ಏನೋ ಕೆಟ್ಟಿತು, ಅಥವಾ ನೋಮ್ ಸತ್ತ, ಅಥವಾ "ಹೋಗು, ನಿನ್ನ ದಾರಿ ನೋಡಿಕೋ" ಅಂತ ಕಳಿಸಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಮಾತು ಅಕ್ಷರಶಃ ಹೊಂದುವ ಕುಲ ಇದು. ನಿರ್ಮಾತೃವಿನ ಜೊತೆಗಿನ ನಂಟು ರಾಜಕೀಯದ್ದಲ್ಲ, ಮನೆಯದು. ದೊಡ್ಡ ಯುದ್ಧದ ಭಾರ ಹೊರಲು ಇಷ್ಟವಿಲ್ಲದೆ ಅಪ್ಪ-ಮಗುವಿನ ಕಥೆ ಬೇಕಿರುವವರು ಇಲ್ಲಿ ನಿಲ್ಲಿ.

ಆದರೆ ಕ್ಯಾರೆಕ್ಟರ್ ಶೀಟ್ ತುಂಬುವ ಮುಂಚೆ ನಿಮ್ಮ ಗುಂಪಿನಲ್ಲಿ ವಾಸಿ ಮಾಡುವವರು ಯಾರು ಎಂದು ಕೇಳಿ. ಆಟೋನೋಮ್ ಹ್ಯೂಮನಾಯ್ಡ್ ಅಲ್ಲ, ಕನ್‌ಸ್ಟ್ರಕ್ಟ್. 2014ರ ನಿಯಮಗಳಲ್ಲಿ ಬಹುತೇಕ ವಾಸಿಮಂತ್ರಗಳು ಕನ್‌ಸ್ಟ್ರಕ್ಟ್‌ಗೆ ತಾಗುವುದಿಲ್ಲ. ಈ ಕುಲಕ್ಕೆ ವಿನಾಯಿತಿ ಕೊಟ್ಟಿರುವುದು ಐದಕ್ಕೆ ಮಾತ್ರ: ಕ್ಯೂರ್ ವೂಂಡ್ಸ್, ಹೀಲಿಂಗ್ ವರ್ಡ್, ಇವೆರಡರ ಸಾಮೂಹಿಕ ರೂಪಗಳು, ಮತ್ತು ಸ್ಪೇರ್ ದಿ ಡೈಯಿಂಗ್. ಪವಿತ್ರ ಯೋಧನಾದ ಪ್ಯಾಲಡಿನ್ ಕೈಯಿಟ್ಟು ವಾಸಿ ಮಾಡುವ ಲೇ ಆನ್ ಹ್ಯಾಂಡ್ಸ್ ಪಟ್ಟಿಯಲ್ಲಿಲ್ಲ. ಪ್ರೇಯರ್ ಆಫ್ ಹೀಲಿಂಗ್ ಇಲ್ಲ, ಹೀಲಿಂಗ್ ಸ್ಪಿರಿಟ್ ಇಲ್ಲ, ಆರನೇ ಹಂತದ ಹೀಲ್ ಕೂಡ ಇಲ್ಲ. ಗುಂಪಿನ ಏಕೈಕ ವಾಸಿಗಾರ ಪ್ಯಾಲಡಿನ್ ಆಗಿದ್ದರೆ, ನೀವು ಬಿದ್ದ ಸುತ್ತಿನಲ್ಲಿ ಅವನ ಕೈ ನಿಮ್ಮ ತಗಡಿನ ಮೇಲೆ ಸುಮ್ಮನೆ ಕೂರುತ್ತದೆ. ಆ ಗುಂಪಿನಲ್ಲಿ ಗುಣಪಡಿಸುವ ಪೋಷನ್‌ಗಳಿಗೆ ದುಡ್ಡು ತೆಗೆದಿಡಿ, ಅವು ಕೆಲಸ ಮಾಡುತ್ತವೆ. 2024ರ ಕ್ಯೂರ್ ವೂಂಡ್ಸ್‌ನಲ್ಲಿ ಕನ್‌ಸ್ಟ್ರಕ್ಟ್ ಎಂಬ ತಡೆಯೇ ಇಲ್ಲ. ಹಾಗಾಗಿ ಯಾವ ಪುಸ್ತಕದ ಮಂತ್ರಗಳು ಎಂದು ಡಿಎಂ ಹತ್ತಿರ ಖಚಿತ ಮಾಡಿಕೊಳ್ಳಿ.

ಒಡೆದದ್ದನ್ನು ಕೂಡಿಸುವ ಮೆಂಡಿಂಗ್ ಮಂತ್ರದಿಂದಲೂ ರಿಪೇರಿ ಆಗುತ್ತದೆ. ಒಂದು ಹಿಟ್ ಡೈಸ್ (ಚೇತರಿಕೆಗೆ ಇರುವ ದಾಳ) ಖರ್ಚು ಮಾಡಿ ಉರುಳಿಸಿ, ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ ಕೂಡಿಸಿ ಅಷ್ಟು ಹಿಟ್ ಪಾಯಿಂಟ್ (ಪ್ರಾಣದ ಅಂಕ) ಪಡೆಯಿರಿ. ಮೆಂಡಿಂಗ್ ಹಾಕಲು ಒಂದು ನಿಮಿಷ ಬೇಕು, ಜಗಳದ ನಡುವೆ ಆಗದು. ಖರ್ಚಾದ ದಾಳ ಶಾರ್ಟ್ ರೆಸ್ಟ್‌ನ (ಚಿಕ್ಕ ವಿಶ್ರಾಂತಿ) ಪಾಲಿನಿಂದಲೇ ಹೋಗುತ್ತದೆ.

ಕನ್‌ಸ್ಟ್ರಕ್ಟ್ ಆಗಿರುವುದರ ಲಾಭವೂ ಸಣ್ಣದಲ್ಲ. ಹೋಲ್ಡ್ ಪರ್ಸನ್, ಚಾರ್ಮ್ ಪರ್ಸನ್, ಡಾಮಿನೇಟ್ ಪರ್ಸನ್ ಯಾವುದೂ ನಿಮಗಲ್ಲ. ಕವಚವಿಲ್ಲದೆ ಎಸಿ 13 ಮತ್ತು ಡೆಕ್ಸ್‌ಟೆರಿಟಿ (ಚುರುಕುತನ) ಮಾಡಿಫೈಯರ್. ವಿಝರ್ಡ್ ಆಡುವವರಿಗೆ ಇದು ಮೇಜ್ ಆರ್ಮರ್ ಮಂತ್ರದ ಲೆಕ್ಕವೇ. ಅಂದರೆ ದಿನಕ್ಕೊಂದು ಮೊದಲ ಹಂತದ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಉಳಿಯಿತು, ಆರಂಭದಲ್ಲಿ ಇರುವುದೇ ಎರಡು. ಪ್ರೊಫಿಷಿಯನ್ಸಿ ಬೋನಸ್‌ನಷ್ಟು (ಲೆವೆಲ್ ಜೊತೆ ಏರುವ ಪರಿಣತಿಯ ಅಂಕ) ಸಲ, ಇಪ್ಪತ್ತುಮುಖ ದಾಳ ನೋಡಿದ ಮೇಲೆ ನಾಲ್ಕುಮುಖದ ದಾಳವೊಂದನ್ನು ಸೇರಿಸಬಹುದು. ಒಂದೆರಡು ಅಂಕಕ್ಕೆ ತಪ್ಪಿದ ಸೇವ್ ಇದರಿಂದ ಉಳಿಯುತ್ತದೆ, ಹೊಸಬರು ಮರೆಯುವುದೂ ಇದನ್ನೇ. ಶೀಟ್‌ನ ಮೇಲ್ತುದಿಯಲ್ಲಿ ಚೌಕ ಹಾಕಿ ಬರೆದಿಡಿ.

ಡಾರ್ಕ್‌ವಿಷನ್ ಇವಕ್ಕೂ ಇಲ್ಲ.

ಆಂಡ್ರಾಯ್ಡ್: ನಿಮಗಿಂತ ಮೊದಲು ಈ ಮೈಯಲ್ಲಿ ಯಾರಿದ್ದರು?

ಪಾತ್‌ಫೈಂಡರ್‌ನ ಗೊಲಾರಿಯನ್ ಲೋಕದಲ್ಲಿ ನುಮೇರಿಯಾ ಎಂಬ ನಾಡಿದೆ. ಬಹಳ ಹಿಂದೆ ಅಲ್ಲಿ ನಕ್ಷತ್ರಗಳ ಮಳೆಯಾಯಿತು ಎನ್ನುತ್ತಾರೆ, ಬಿದ್ದದ್ದು ಒಂದು ಆಕಾಶನೌಕೆಯ ಚೂರುಗಳು. ಆಂಡ್ರಾಯ್ಡ್‌ಗಳು ಆ ನೌಕೆಯ ಜೊತೆ ಬಂದವರು. ಮಾಡಿದವರು ಇಲ್ಲಿಲ್ಲ, ಮಾಡಿದ ಕೆಲಸಕ್ಕೆ ಈ ಲೋಕದಲ್ಲಿ ಅರ್ಥವಿಲ್ಲ.

ಆದರೂ ಉದ್ದೇಶ ಮೈಯಲ್ಲಿ ಉಳಿದಿದೆ. ಆಂಡ್ರಾಯ್ಡ್ ಆರಿಸಿದಾಗ ಹೆರಿಟೇಜ್ ಆರಿಸಬೇಕು: ಕುಶಲಕರ್ಮಿ, ವೇಷಧಾರಿ, ದುಡಿಮೆಗಾರ, ಬಹುವಿದ್ಯಾವಂತ, ಯೋಧ. ಇವು ಹಿಂದೊಮ್ಮೆ ಆ ದೇಹವನ್ನು ಯಾವ ಕೆಲಸಕ್ಕೆ ತಯಾರಿಸಿದ್ದರೋ ಅದರ ಗುರುತುಗಳು. ಯೋಧ ಹೆರಿಟೇಜ್ ಆರಿಸಿದ ವಿಝರ್ಡ್‌ಗೆ ಎಲ್ಲ ಸಾಮಾನ್ಯ ಮತ್ತು ಸೈನಿಕ ಆಯುಧಗಳ ತರಬೇತಿ ಸಿಗುತ್ತದೆ. ತಾನು ಓದಲು ಬಯಸಿದರೂ ಕೈಗೆ ಕತ್ತಿಯ ನೆನಪು. ಉದ್ದೇಶ ಮತ್ತು ಆಸೆಯ ಜಗಳವನ್ನು ನಿಯಮವೇ ಶೀಟ್ ಮೇಲೆ ಬರೆದುಕೊಡುವುದು ಈ ಐದರಲ್ಲಿ ಇಲ್ಲಿ ಮಾತ್ರ, ಅದಕ್ಕೇ ಇದು ನನಗೆ ಬಹಳ ಮೆಚ್ಚಿಗೆ.

ಇನ್ನೊಂದು ಸಂಗತಿ ನವೀಕರಣ. ಬದುಕು ಸಾಕೆನಿಸಿದ ಆಂಡ್ರಾಯ್ಡ್ ತನ್ನ ಆತ್ಮವನ್ನು ಬಿಟ್ಟುಕೊಡುತ್ತದೆ, ಅದೇ ದೇಹಕ್ಕೆ ಹೊಸ ಆತ್ಮ ಬರುತ್ತದೆ. ಹೊಸಬರು ಬೇರೆಯೇ ವ್ಯಕ್ತಿ. ಸಂತೆಯಲ್ಲಿ ಒಬ್ಬ ಮುದುಕಿ ನಿಮ್ಮ ಮುಖ ನೋಡಿ ಕೈಯಲ್ಲಿದ್ದ ಬುಟ್ಟಿ ಬಿಟ್ಟು ಓಡಿಬರುತ್ತಾಳೆ. ನಲವತ್ತು ವರ್ಷದ ಹಿಂದೆ ಕಳೆದುಹೋದ ಗೆಳತಿಯ ಹೆಸರು ಹಿಡಿದು ಕರೆಯುತ್ತಾಳೆ. ನಿಮಗೆ ಆಕೆ ಯಾರೆಂದು ಗೊತ್ತಿಲ್ಲ. ಇಂಥ ಒಂದು ದೃಶ್ಯ ಸಾಕು, ಇಡೀ ಕ್ಯಾಂಪೇನ್‌ಗೆ ಮೈ ಬರುತ್ತದೆ.

ಅಂಕಿಗಳಲ್ಲಿ: ಕುಲದಿಂದ 8 ಹಿಟ್ ಪಾಯಿಂಟ್, ವೇಗ 25 ಅಡಿ, ಡೆಕ್ಸ್‌ಟೆರಿಟಿ ಮತ್ತು ಇಂಟೆಲಿಜೆನ್ಸ್ ಏರುತ್ತವೆ, ಕರಿಸ್ಮಾ ಇಳಿಯುತ್ತದೆ. ರೋಗ ಮತ್ತು ವಿಷದ ವಿರುದ್ಧ 1 ಬೋನಸ್, ವಾರ್‌ಫೋರ್ಜ್ಡ್‌ನಂಥ ಗೋಡೆಯಲ್ಲ. ಡಿಪ್ಲೊಮಸಿ, ಪರ್ಫಾರ್ಮೆನ್ಸ್, ಎದುರಿನವರ ಮನಸ್ಸು ಓದುವ ಪ್ರಯತ್ನ ಇವಕ್ಕೆಲ್ಲ 1 ಕಡಿತ. ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಗುರಿಯನ್ನು 10 ಅಂಕ ಮೀರಿದರೆ ವಿಶೇಷ ಯಶಸ್ಸು, ಹಾಗಾಗಿ ಇಲ್ಲಿ ಒಂದೊಂದು ಅಂಕವೂ ಡಿ ಅಂಡ್ ಡಿಗಿಂತ ಹೆಚ್ಚು ತೂಗುತ್ತದೆ. ಕರಿಸ್ಮಾವನ್ನೇ ನೆಚ್ಚಿದ ಬಾರ್ಡ್ ಅಥವಾ ಸಾರ್ಸರರ್ ಆಡುವ ಆಸೆಯಿದ್ದರೆ ಬೇರೆ ಕುಲ ನೋಡಿ. ಇನ್ವೆಂಟರ್, ಇನ್ವೆಸ್ಟಿಗೇಟರ್, ರೋಗ್‌ಗೆ ಸೊಗಸಾಗಿ ಕೂರುತ್ತದೆ. ಮಂದ ಬೆಳಕಿನಲ್ಲಿ ಕಾಣುತ್ತದೆ, ಕಗ್ಗತ್ತಲಲ್ಲಿ ಇಲ್ಲ. ನ್ಯಾನೈಟ್ ಸರ್ಜ್ ಎಂಬ ಫೀಟ್ (ಆರಿಸಿಕೊಳ್ಳುವ ವಿಶೇಷ ಗುಣ) ತೆಗೆದುಕೊಂಡರೆ ಸ್ಕಿಲ್ ಚೆಕ್‌ಗೆ 2 ಸೇರಿಸಬಹುದು, ಆಗ ಮೈಮೇಲಿನ ಸರ್ಕ್ಯೂಟ್ ಗೆರೆಗಳು ಬೆಳಗುತ್ತವೆ. ಅಡಗಿ ಕೂತಿರುವಾಗ ಬಳಸಬೇಡಿ.

ಅದೇ ಲೋಕದ ಆಟೋಮೇಟನ್ ಬಗ್ಗೆ ಎರಡು ಮಾತು. 2021ರ 'ಗನ್ಸ್ ಅಂಡ್ ಗಿಯರ್ಸ್' ಪುಸ್ತಕದ್ದು. ಅಳಿದುಹೋದ ಜಿಸ್ಟ್ಕಾ ಸಾಮ್ರಾಜ್ಯದ ಕಾಲದಲ್ಲಿ ಬದುಕಿದ್ದ ಜನರ ಆತ್ಮಗಳನ್ನು ಯಂತ್ರದೇಹಕ್ಕೆ ತುಂಬಿದ್ದು. ವಾರ್‌ಫೋರ್ಜ್ಡ್ ಎರಡು ವರ್ಷದ ಕೂಸಾಗಬಹುದು, ಆಟೋಮೇಟನ್ ಸಾವಿರಾರು ವರ್ಷದ ಹಿರಿಯ. ಮೇಲೆ ಹೇಳಿದ "ಪುರಾತನ ಯಂತ್ರ" ಬೇಕಿದ್ದವರ ಸರಿಯಾದ ಮನೆ ಇದು.

ಪಟ್ಟಿಯ ಹೊರಗಿನ ಇಬ್ಬರು

ಗಿತ್‌ಯಾಂಕಿ, ಗಿತ್‌ಜೆರಾಯ್‌ಗಳನ್ನು 2023ರ ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮ್ ಆಡಿದವರು ಬಲ್ಲರು. ಮೈಂಡ್ ಫ್ಲೇಯರ್‌ಗಳು (ಮೆದುಳು ತಿನ್ನುವ ರಾಕ್ಷಸರು) ತಮ್ಮ ಗುಲಾಮರನ್ನು ತಲೆಮಾರುಗಟ್ಟಲೆ ಬದಲಿಸಿ ತಯಾರಾದ ಜನ, ಬಂಡೆದ್ದು ಬಿಡಿಸಿಕೊಂಡು ಈಗ ಮಾಡಿದವರನ್ನೇ ಬೇಟೆಯಾಡುತ್ತಾರೆ. ಸಿಟ್ಟನ್ನು ಆಡಬೇಕೆನ್ನುವವರಿಗೆ ಒಳ್ಳೆಯ ಆಯ್ಕೆ, ಆದರೆ "ನಾನು ವಸ್ತುವೋ ವ್ಯಕ್ತಿಯೋ" ಎಂಬ ಪ್ರಶ್ನೆ ಅವರು ಎಂದೋ ದಾಟಿಬಿಟ್ಟಿದ್ದಾರೆ. ಡಿ ಅಂಡ್ ಡಿಯ ಡ್ರ್ಯಾಗನ್‌ಲಾನ್ಸ್ ಲೋಕದ ಡ್ರಾಕೋನಿಯನ್‌ಗಳು ಲೋಹವರ್ಣದ ಒಳ್ಳೆಯ ಡ್ರ್ಯಾಗನ್‌ಗಳ ಮೊಟ್ಟೆಗಳನ್ನು ಕೆಡಿಸಿ ಮಾಡಿದ ಸೈನಿಕರು. ಹಿತ್ತಾಳೆ ಮೊಟ್ಟೆಯ ಬಾಜ್ ಸತ್ತ ಕೂಡಲೇ ಕಲ್ಲಾಗಿ ಹೊಡೆದವರ ಕತ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವರನ್ನು ಎದುರಾಳಿಗಳಾಗಿ ಬಿಡುವುದೇ ಮೇಲು.

ನಿಮ್ಮ ಕಿಸೆ, ನಿಮ್ಮ ಮೇಜು

ದುಡ್ಡು ಹಾಕಲು ಇಷ್ಟವಿಲ್ಲದಿದ್ದರೆ ಪ್ರಶ್ನೆಯೇ ಇಲ್ಲ. ಪಾತ್‌ಫೈಂಡರ್ ಎರಡನೇ ಆವೃತ್ತಿಯ ನಿಯಮಗಳು, ಆಂಡ್ರಾಯ್ಡ್ ಮತ್ತು ಆಟೋಮೇಟನ್ ಸೇರಿ, ಆರ್ಕೈವ್ಸ್ ಆಫ್ ನೆತಿಸ್ ಜಾಲತಾಣದಲ್ಲಿ ಕಾನೂನುಬದ್ಧವಾಗಿ ಉಚಿತ. ಡಿ ಅಂಡ್ ಡಿಯ ಉಚಿತ ನಿಯಮಗಳಲ್ಲಿ ಮೇಲಿನ ಮೂರೂ ಕುಲಗಳಿಲ್ಲ. ಬಿಡುಗಡೆಯಾದಾಗ ಎಬೆರಾನ್ ಮತ್ತು ರಾವ್ನಿಕಾ ಪುಸ್ತಕಗಳಿಗೆ ಅಮೆರಿಕದ ಮುಖಬೆಲೆ ತಲಾ 49.95 ಡಾಲರ್ ಇತ್ತು, ಮೂರು ಪುಸ್ತಕಗಳ ಸ್ಪೆಲ್‌ಜಾಮರ್ ಪೆಟ್ಟಿಗೆಗೆ 69.99. ಬೆಂಗಳೂರಿಗೆ ತರಿಸುವ ಹೊತ್ತಿಗೆ ಅದರ ಮೇಲೆ ಇನ್ನಷ್ಟು ಕೂಡುತ್ತದೆ. ಒಂದು ಕುಲದ ಎರಡು ಪುಟಕ್ಕಾಗಿ ಆಟಗಾರರೊಬ್ಬರು ಪೂರ್ತಿ ಪುಸ್ತಕ ಕೊಳ್ಳುವುದು ದಂಡ. ಕೊಂಡರೆ ಗುಂಪು ಸೇರಿ ಕೊಳ್ಳಿ, ಅದೂ ಎಬೆರಾನ್ ಪುಸ್ತಕ. ಅದರಲ್ಲಿ ಆರ್ಟಿಫಿಸರ್ ಕ್ಲಾಸ್ (ಮಾಂತ್ರಿಕ ಸಾಧನ ಮಾಡುವವರ ಕಸುಬು) ಕೂಡ ಇದೆ, ಡಿಎಂಗೆ ಇಡೀ ಲೋಕವೇ ಸಿಗುತ್ತದೆ.

ಮೊದಲ ಸಲ ಆಡುವವರಿಗೆ ವಾರ್‌ಫೋರ್ಜ್ಡ್ ಫೈಟರ್ ಕೊಡಿ. ಸುಲಭಕ್ಕೆ ಸಾಯುವುದಿಲ್ಲ, ನೆನಪಿಡಬೇಕಾದ ಗುಣಗಳು ಬಹುತೇಕ ತಾವಾಗಿ ನಡೆಯುತ್ತವೆ. ನಗರದ ಸಂಚುಗಳ ಕ್ಯಾಂಪೇನ್‌ಗೆ ಸಿಮಿಕ್. ಗುಂಪಿನಲ್ಲಿ ವಾಸಿಮಂತ್ರ ಬಲ್ಲ ಕ್ಲೆರಿಕ್ ಖಚಿತವಾಗಿ ಇದ್ದರೆ ಆಟೋನೋಮ್. ನಾಟಕದ ರುಚಿ ಇರುವ, ನಿಯಮ ಓದಲು ಬೇಸರಿಸದ ಹಳಬರಿಗೆ ಆಂಡ್ರಾಯ್ಡ್.

ಹಸಿವು, ಬಾಯಾರಿಕೆ ಎಣಿಸುವ ಮರುಭೂಮಿ ಕ್ಯಾಂಪೇನ್ ಆದರೆ ಡಿಎಂ ಜೊತೆ ಮಾತಾಡದೆ ವಾರ್‌ಫೋರ್ಜ್ಡ್ ಅಥವಾ ಆಟೋನೋಮ್ ತರಬೇಡಿ. ಹತ್ತು ದಿನದ ದಾರಿಗೆ ಒಬ್ಬರಿಗೆ 20 ಪೌಂಡ್ ಬುತ್ತಿ, 5 ಚಿನ್ನದ ನಾಣ್ಯ, ಬಿಸಿಲಿನ ನಾಡಾದ್ದರಿಂದ ದಿನಕ್ಕೆರಡು ಗ್ಯಾಲನ್ ನೀರು ಬೇಕು. ನಿಮಗೆ ಅದೇನೂ ಬೇಡ. ಗುಂಪಿನಲ್ಲಿ ಇಬ್ಬರು ಹೀಗಿದ್ದರೆ ಬಾಯಾರಿಕೆಯ ಭಯ ಅರ್ಧ ಸತ್ತುಹೋಗುತ್ತದೆ, ಡಿಎಂ ತಿಂಗಳುಗಟ್ಟಲೆ ಕಟ್ಟಿದ ಆಟ ಸಪ್ಪೆಯಾಗುತ್ತದೆ. ಅದನ್ನೇ ತಿರುಗಿಸಿದರೆ ಚೆಂದ: ಕೊನೆಯ ಚರ್ಮದ ಚೀಲವನ್ನು ಹೊತ್ತವರು ಕುಡಿಯುವ ಅಗತ್ಯವೇ ಇಲ್ಲದ ಯಂತ್ರ, ಮೂವರು ಬಾಯಾರಿದ ಗೆಳೆಯರಲ್ಲಿ ಯಾರಿಗೆ ಮೊದಲು ಕೊಡಬೇಕೆಂದು ತೀರ್ಮಾನಿಸಬೇಕಾದವರೂ ಅವರೇ.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಲ್ಲದ ಯಂತ್ರವನ್ನು ಬರೆಯಬೇಡಿ. "ಎಚ್ಚರವಾದಾಗ ಏನೂ ನೆನಪಿರಲಿಲ್ಲ" ಎಂಬ ಹಿನ್ನೆಲೆ ಕೊಟ್ಟರೆ ಡಿಎಂ ಕೈಗೆ ಹಿಡಿಯಲು ಒಂದು ದಾರವೂ ಸಿಗುವುದಿಲ್ಲ. ಆಂಡ್ರಾಯ್ಡ್‌ನ ಮರೆವಿನಲ್ಲೂ ಆ ಮುದುಕಿ ಇರಬೇಕು. ಮೊದಲ ಸೆಷನ್‌ಗೆ ಮುಂಚೆ ಮೂರು ಸಾಲು ಬರೆದು ಡಿಎಂ ಕೈಗಿಡಿ: ನನ್ನನ್ನು ಮಾಡಿದವರ ಹೆಸರು, ನಾನು ಮಾಡಿದ ಮೊದಲ ಕೆಲಸ, ಮಾಡಲು ನಿರಾಕರಿಸಿದ ಒಂದು ಕೆಲಸ. ಮೂರನೆಯ ಸಾಲು ಯಾವ ಕುಲಕ್ಕೆ ಸಲೀಸಾಗಿ ಹೊಳೆಯಿತೋ ಆ ಕುಲದ ಶೀಟ್ ತುಂಬಲು ಶುರುಮಾಡಿ.